ಸಾಲ ತೀರಿಸುವ ಮುನ್ನ: ಬೆಟ್ಟಿಂಗ್ ಚಟಕ್ಕೆ ಬಿದ್ದ ಹುಡುಗರಿಗೂ ಅವರ ಮನೆಯವರಿಗೂ ಒಂದು ಮಾರ್ಗದರ್ಶಿ

ಗಂಗಾವತಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಭತ್ತದ ಪಟ್ಟಿ ಹಣ ರೈತನ ಖಾತೆಗೆ ಜಮೆಯಾದದ್ದು ರೈತನಿಗಿಂತ ಮೊದಲು ಅವನ ಮಗನಿಗೆ ಗೊತ್ತಾಗುವುದನ್ನು ಈಚಿನ ವರ್ಷಗಳಲ್ಲಿ ಬಹಳ ನೋಡಿದ್ದೇನೆ. ತಂದೆಗೆ ಫೋನಿನಲ್ಲಿ ಹಣ ಕಳಿಸಲು ಬಾರದು, ಖಾತೆಗೆ ಜೋಡಿಸಿದ ನಂಬರು ಮಗನದು, ಪಿನ್ ಕೂಡ ಮಗನಿಗೇ ಗೊತ್ತು. ಎಂಟು ದಿನ ಬಿಟ್ಟು ಗೊಬ್ಬರದ ಬಾಕಿ ಕೊಡಲು ಬ್ಯಾಂಕಿಗೆ ಹೋದ ತಂದೆ ಪಾಸ್‌ಬುಕ್ಕಿನಲ್ಲಿ ಉಳಿದದ್ದನ್ನು ನೋಡಿ ನಮ್ಮ ಅಂಗಡಿಗೆ ಬಂದು, ಹಣ ಹಾಕಿದ್ದು ನಿಜವೇ ಎಂದು ನಮ್ಮನ್ನೇ ಕೇಳಿದ್ದುಂಟು.

ಇದನ್ನು ಬರೆಯಲು ನನಗಿರುವ ಅರ್ಹತೆ ನಾನೇ ಮಾಡಿದ ಒಂದು ತಪ್ಪು. ನನ್ನ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸಕ್ಕಿದ್ದ. ಇಪ್ಪತ್ತಮೂರು ವರ್ಷದವನಿದ್ದಾಗ ಒಂದು ರಾತ್ರಿ ಮನೆಗೆ ಬಂದು, 1,80,000 ರೂಪಾಯಿ ಸಾಲವಾಗಿದೆ ಎಂದು ಅತ್ತ. "ಇದೊಂದು ಸಲ ಕೊಡು ಮಾಮಾ, ಮತ್ತ ಮುಟ್ಟಂಗಿಲ್ಲ" ಎಂದು ಹುಲಿಗೆಮ್ಮನ ಆಣೆ ಇಟ್ಟ. ಮರುದಿನವೇ ಅಕ್ಕನ ಬೋರಮಾಳ ಗಿರವಿ ಇಟ್ಟು, ಉಳಿದದ್ದನ್ನು ನಾನು ಕೂಡಿಸಿ, ಅವನ ಕೈಗೇ ಕೊಟ್ಟೆವು. ಐದು ತಿಂಗಳಿಗೆ ಸಾಲ ನಾಲ್ಕು ಲಕ್ಷ ದಾಟಿತ್ತು. ಆ ರಾತ್ರಿ ಅವನು ಇಟ್ಟ ಆಣೆ ಸುಳ್ಳಾಗಿರಲಿಲ್ಲ, ಬಿಡಬೇಕೆಂದೇ ಇಟ್ಟಿದ್ದ. ತಪ್ಪಿದ್ದದ್ದು ನಾವು ಹಿಡಿದ ಕ್ರಮದಲ್ಲಿ. ಸಾಲವನ್ನು ಮೊದಲು ತೀರಿಸಿ, ಫೋನು, ಬ್ಯಾಂಕು, ವೈದ್ಯರು ಎಲ್ಲವನ್ನೂ ಆಮೇಲಕ್ಕೆ ಬಿಟ್ಟಿದ್ದೆವು. ಮುಂದೆ ಹೇಳಿರುವ ಕ್ರಮ ಇದಕ್ಕೆ ಪೂರ್ತಿ ತಿರುವು: ಸಾಲ ತೀರಿಸುವುದು ಅದರಲ್ಲಿ ಬಹಳ ಹಿಂದೆ ಬರುತ್ತದೆ.

ಇದು ಶೋಕಿಯೋ, ಚಟವೋ

ನಮ್ಮ ಸೀಮೆಯಲ್ಲಿ ಪಣ ಕಟ್ಟುವುದು ಹೊಸತಲ್ಲ. ಯುಗಾದಿಗೆ ಇಸ್ಪೀಟು, ನಾಗರ ಪಂಚಮಿಗೆ ನಿಂಬೆಹಣ್ಣು ಎಸೆಯುವ ಪಂದ್ಯ ಎಲ್ಲ ಊರಲ್ಲೂ ನಡೆಯುತ್ತವೆ, ಹಬ್ಬ ಮುಗಿದ ಮೇಲೆ ಹೆಚ್ಚಿನವರು ಮರೆಯುತ್ತಾರೆ. ಆದ್ದರಿಂದಲೇ ಮನೆಯವರಿಗೆ ಗೆರೆ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಗೆರೆ ಗುರುತಿಸಲು ವೈದ್ಯರು ಬಳಸುವ ಎರಡು ಪ್ರಶ್ನೆಗಳು ಬಹಳ ಸರಳ. ಪಣದ ಮೊತ್ತವನ್ನು ಹೆಚ್ಚಿಸುತ್ತಲೇ ಹೋಗಬೇಕು ಎಂದು ಎಂದಾದರೂ ಅನ್ನಿಸಿದೆಯೇ? ಎಷ್ಟು ಆಡುತ್ತೇನೆ ಎಂಬುದನ್ನು ಬೇಕಾದವರಿಂದ ಮುಚ್ಚಿಟ್ಟು ಸುಳ್ಳು ಹೇಳಬೇಕಾಗಿ ಬಂದಿದೆಯೇ? ಎರಡರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಮುಂದಿನ ಪರೀಕ್ಷೆ ಅಗತ್ಯ.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಜೂಜಿನ ಚಟವನ್ನು ಮದ್ಯ, ಮಾದಕ ವಸ್ತುಗಳ ಚಟದ ಸಾಲಿಗೇ ಸೇರಿಸಿತು. ಒಂಬತ್ತು ಲಕ್ಷಣಗಳಲ್ಲಿ ಒಂದು ವರ್ಷದೊಳಗೆ ನಾಲ್ಕಾದರೂ ಕಂಡರೆ ಅದು ಕಾಯಿಲೆ ಎಂಬುದು ಅವರ ಅಳತೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಇದಕ್ಕೆ ಸ್ವಂತ ಹೆಸರಿದೆ. ಆ ಒಂಬತ್ತರಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವುದು ಒಂದನ್ನು: ಇಂದು ಸೋತದ್ದನ್ನು ನಾಳೆ ಗೆದ್ದು ತರುತ್ತೇನೆಂದು ಮತ್ತೆ ಆಡಲು ಹೋಗುವುದು. ಶೋಕಿಗೆ ಆಡುವವನು ಸೋತರೆ ಎದ್ದು ಬರುತ್ತಾನೆ, ಚಟಕ್ಕೆ ಬಿದ್ದವನನ್ನು ಸೋಲೇ ಕೂರಿಸುತ್ತದೆ. ಮನೆಯಲ್ಲಿ ಕಾಣುವ ಗುರುತುಗಳು ಬೇರೆ ಇವೆ. ಫೋನನ್ನು ಸದಾ ಮುಖ ಕೆಳಗಾಗಿ ಇಡುವುದು, ಎರಡನೆಯ ಸಿಮ್ ಇರುವುದು, ಉಂಗುರವೋ ಬೈಕೋ ಕಾಣದಾದಾಗ "ಗೆಳೆಯ ಒಯ್ದಾನ" ಎನ್ನುವುದು, ಮೇಸ್ತ್ರಿ, ಚಹಾದಂಗಡಿಯವ, ಜೊತೆ ಓದಿದವ ಎಂದು ಚಿಕ್ಕಪುಟ್ಟವರ ಬಳಿಯೆಲ್ಲ ಕೈಗಡ ಮಾಡಿರುವುದು.

ಬುದ್ಧಿ ಹೇಳಿದರೆ ಏಕೆ ಬಿಡುವುದಿಲ್ಲ

ಮನೆಯ ಹಿರಿಯರಿಗೆ ಇದು ಅರ್ಥವಾಗದಿದ್ದರೆ ಮುಂದಿನ ಹೆಜ್ಜೆಗಳೆಲ್ಲ ಶಿಕ್ಷೆಯಂತೆ ಕಾಣುತ್ತವೆ. ಹಳೆಯ ಮಟ್ಕಾದಿಂದಲೇ ಆರಂಭಿಸೋಣ. ನ್ಯೂಯಾರ್ಕ್‌ನಿಂದ ಮುಂಬೈಗೆ ತಂತಿಯ ಮೂಲಕ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಕಟ್ಟುತ್ತಿದ್ದ ಪಣವೇ ಮಟ್ಕಾದ ಮೂಲ. 1960ರ ದಶಕದಲ್ಲಿ ಆ ದರಗಳು ಬರುವುದು ನಿಂತಾಗ ಮಡಕೆಯಿಂದ ಚೀಟಿ ತೆಗೆಯುವ ಪದ್ಧತಿ ಬಂತು, ಓಪನ್ ಮತ್ತು ಕ್ಲೋಸ್ ಎಂಬ ಹೆಸರು ಮಾತ್ರ ಉಳಿಯಿತು. ನಮ್ಮವರ ಬಾಯಲ್ಲಿ ಅದೇ ಓಸಿ. ಹತ್ತಿ ಬೆಳೆಯುವ ರಾಯಚೂರು, ಬಳ್ಳಾರಿಯಲ್ಲಿ ಇಂದಿಗೂ ಓಸಿ ಬರೆಸುವವರಲ್ಲಿ ಎಷ್ಟು ಮಂದಿಗೆ ಅದು ಹತ್ತಿಯ ದರದಿಂದ ಹುಟ್ಟಿದ್ದೆಂದು ಗೊತ್ತಿದೆಯೋ ಕಾಣೆ.

ಲೆಕ್ಕವನ್ನು ನೋಡಿ. ಜೋಡಿ ನಂಬರುಗಳು, ಅಂದರೆ 00ರಿಂದ 99ರವರೆಗಿನವು, ನೂರು. ಒಂದೊಂದರ ಮೇಲೂ ಹತ್ತು ರೂಪಾಯಿಯಂತೆ ಎಲ್ಲದರ ಮೇಲೂ ಕಟ್ಟಿದರೆ ಸಾವಿರ ರೂಪಾಯಿ ಹೋಯಿತು. ತೊಂಬತ್ತು ಪಟ್ಟು ಕೊಡುವ ಬುಕ್ಕಿಯಿಂದ ಮರಳಿ ಬರುವುದು ಒಂಬೈನೂರು. ಉಳಿದ ನೂರು ಅವನ ದಲಾಲಿ, ಎಂಬತ್ತು ಪಟ್ಟು ಕೊಡುವವನಾದರೆ ಇನ್ನೂರು. ಆದರೂ ಓಸಿಯಲ್ಲಿ ಫಲಿತಾಂಶಕ್ಕೆ ತಾಸುಗಟ್ಟಲೆ ಕಾಯಬೇಕಿತ್ತು, ಆ ಕಾಯುವಿಕೆಯೇ ಒಂದು ಬೇಲಿಯಾಗಿತ್ತು. ಫೋನಿನ ಬಣ್ಣ ಊಹಿಸುವ ಆಟ, ವಿಮಾನ ಮೇಲೇರುವ ಆಟ, ಚೆಂಡು ಚೆಂಡಿಗೂ ಪಣ ಕಟ್ಟುವ ಕ್ರಿಕೆಟ್ ಐಡಿಗಳು (ಏಜೆಂಟರು ಕೊಡುವ ಬೆಟ್ಟಿಂಗ್ ಖಾತೆಗಳು) ಆ ಬೇಲಿಯನ್ನು ಕಿತ್ತು ಹಾಕಿವೆ. ಸುತ್ತಿಗೆ ನೂರು ರೂಪಾಯಿಯಂತೆ ಒಂದು ರಾತ್ರಿ ಇನ್ನೂರು ಸುತ್ತು ಆಡಿದರೆ ಪಣಕ್ಕೆ ಬಿದ್ದದ್ದು ಇಪ್ಪತ್ತು ಸಾವಿರ. ಆಟ ನಡೆಸುವವನು ನೂರಕ್ಕೆ ಮೂರೇ ರೂಪಾಯಿ ಕಡಿತ ಇಟ್ಟುಕೊಂಡನೆಂದರೂ ಸರಾಸರಿ ಆರುನೂರು ಅವನದಾಯಿತು. ಪರವಾನಗಿ, ತಪಾಸಣೆ ಯಾವುದೂ ಇಲ್ಲದ ಆ್ಯಪಿನಲ್ಲಿ ಮೂರೇ ಎಂದು ಹೇಳುವವರು ಯಾರು?

ಇದರ ಮೇಲೆ ಮೆದುಳಿನ ಪಾಲೂ ಇದೆ. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನವು ಖಚಿತವಾಗಿ ಸಿಗುವ ಬಹುಮಾನಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ, ಒಂದೇ ಅಂಕಿಯಲ್ಲಿ ತಪ್ಪಿದ ಸೋಲು ಮೆದುಳಿಗೆ ಗೆಲುವಿನ ಸಮೀಪದ ಅನುಭವದಂತೆ ತಾಗುತ್ತದೆ. ಆವೇಗವನ್ನು ತಡೆಯುವ ಮುಂಭಾಗದ ಮೆದುಳು ಪೂರ್ತಿ ಮಾಗುವುದು ಇಪ್ಪತ್ತೈದರ ಆಸುಪಾಸಿಗೆ. ಇಷ್ಟು ಸಲ ಕೆಂಪು ಬಂತು, ಇನ್ನು ಹಸಿರು ಬರಲೇಬೇಕು ಎಂಬ ಲೆಕ್ಕಾಚಾರವೂ ಪೊಳ್ಳು. 1913ರಲ್ಲಿ ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ, ಕೆಂಪು-ಕಪ್ಪು ಮನೆಗಳ ತಿರುಗುವ ಚಕ್ರದಲ್ಲಿ ಚೆಂಡು ಸತತ 26 ಬಾರಿ ಕಪ್ಪಿನ ಮೇಲೇ ನಿಂತಾಗ, ಮುಂದಿನದು ಕೆಂಪೇ ಎಂದು ಕಟ್ಟುತ್ತ ಹೋದವರೆಲ್ಲ ಮುಳುಗಿದರು.

ಮೊದಲ ಹೆಜ್ಜೆ: ಮಾತು, ಮತ್ತು ಜೀವಕ್ಕೆ ಕಾವಲು

ವಿಷಯ ಗೊತ್ತಾದ ದಿನ ಹತ್ತು ಜನ ಬಂಧುಗಳನ್ನು ಕೂಡಿಸಿ ಪಂಚಾಯ್ತಿ ಮಾಡಬೇಡಿ. ಅವನು ಹೆದರದ ಒಬ್ಬರು, ಅಕ್ಕನಾಗಲಿ ಸೋದರಮಾವನಾಗಲಿ, ಬೆಳಗಿನ ಹೊತ್ತು ಒಬ್ಬನೇ ಇರುವಾಗ ಮಾತು ತೆಗೆಯುವುದು ಒಳ್ಳೆಯದು. ಸೋತು ಬಂದ ರಾತ್ರಿ ಯಾವ ಮಾತೂ ತಲೆಗೆ ಹೋಗುವುದಿಲ್ಲ. ಎಷ್ಟು ಕಳೆದೆ ಎಂಬುದಕ್ಕಿಂತ ಎಷ್ಟು ದಿನದಿಂದ ನಿದ್ದೆ ಇಲ್ಲ ಎಂಬ ಪ್ರಶ್ನೆಗೆ ಬೇಗ ಉತ್ತರ ಬರುತ್ತದೆ. ಹೊಡೆದರೆ ಅವನು ಆಟ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ. ಮದುವೆ ಮಾಡಿದರೆ ಜವಾಬ್ದಾರಿ ಬಂದು ಸರಿಹೋಗುತ್ತಾನೆ ಎಂಬ ಸಲಹೆಯೂ ಖಂಡಿತ ಬರುತ್ತದೆ, ನಮ್ಮ ಮನೆಗೂ ಬಂದಿತ್ತು. ಹೆಣ್ಣಿನ ಕಡೆಯವರಿಂದ ಸಾಲ ಮುಚ್ಚಿಟ್ಟು ಮದುವೆ ಮಾಡುವುದು ಮೋಸ ಎಂಬುದು ನನ್ನ ಮತ. ಅಲ್ಲದೆ ಮದುವೆಯ ಖರ್ಚಿನಿಂದ ಸಾಲ ಬೆಳೆಯುತ್ತದೆಯೇ ಹೊರತು ಇಳಿಯುವುದಿಲ್ಲ.

ಆ ಮಾತಿನಲ್ಲೇ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಲೇಬೇಕು: ಬದುಕು ಬೇಡ ಎನ್ನಿಸುತ್ತಿದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ತಪ್ಪು; ಕೇಳಿದವರ ಮುಂದೆ ಎದೆ ಹಗುರಾಗುತ್ತದೆ. ಜೂಜಿನ ಸಾಲ ಬಯಲಾದ ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದವು. ಹೌದೆಂಬ ಸುಳಿವು ಸಿಕ್ಕರೆ ಅವನನ್ನು ಒಂಟಿಯಾಗಿ ಬಿಡಬೇಡಿ, ಹೊಲಕ್ಕೆಂದು ತಂದಿಟ್ಟ ಔಷಧಗಳನ್ನು ಅಂದೇ ಮನೆಯಿಂದ ತೆಗೆದು ಬೇರೆಯವರ ಬೀಗದೊಳಗೆ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ ಇಪ್ಪತ್ತನಾಲ್ಕು ತಾಸೂ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು. ತುರ್ತು ಇದ್ದರೆ 112. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಎಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುವುದರಿಂದ, ಕೇಸಿನ ಭಯಕ್ಕೆ ಆಸ್ಪತ್ರೆಯನ್ನು ತಡಮಾಡುವ ಕಾರಣವಿಲ್ಲ.

ಎರಡನೆಯ ಹೆಜ್ಜೆ: ಹಣದ ಬಾಗಿಲು ಮುಚ್ಚುವುದು

ತುಂಗಭದ್ರಾ ಕಾಲುವೆ ಒಡೆದರೆ ಮೊದಲು ಮೇಲಿನ ಗೇಟು ಇಳಿಸುತ್ತಾರೆ, ಆಮೇಲೆ ಹೊಲದ ನೀರು ಹೊರಹಾಕುತ್ತಾರೆ. ಇಲ್ಲಿಯೂ ಅಷ್ಟೆ, ಮತ್ತು ಈ ಹೆಜ್ಜೆಯನ್ನು ಮಾತಾದ ದಿನವೇ ಆರಂಭಿಸಬೇಕು. ಆದರೆ ಅವನು ಪ್ರಾಯಕ್ಕೆ ಬಂದವನು. ಅವನ ಒಪ್ಪಿಗೆ ಇಲ್ಲದೆ ಫೋನು ಕಸಿದರೆ ಸಂಜೆಗೇ ಗೆಳೆಯನ ಫೋನು ಕೈಗೆ ಬರುತ್ತದೆ. ಆರು ತಿಂಗಳಿಗೆ ಎಂದು ಅವಧಿ ಗೊತ್ತುಮಾಡಿ, ಏನೇನು ಬಿಟ್ಟುಕೊಡುತ್ತಾನೆಂದು ಅವನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಬ್ಯಾಂಕಿನ ಕೆಲಸ ಮೊದಲು. ತಂದೆತಾಯಿಯ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಮಗನದಾಗಿದ್ದರೆ, ಆಧಾರ್ ಮತ್ತು ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಅದನ್ನು ಬದಲಾಯಿಸಿ. ಗುಂಡಿಯ ಫೋನಿಗೊಂದು ಹೊಸ ಸಿಮ್ ತಂದರೆ ಸಾಕು. ಅವನ ಸ್ವಂತ ಖಾತೆಯ ಮಟ್ಟಿಗೆ, ಎಟಿಎಂ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪಿನಲ್ಲೇ ನಿಲ್ಲಿಸಬಹುದು; ಹೀಗೆ ನಿಲ್ಲಿಸುವ, ಮಿತಿ ಹಾಕುವ ಸೌಲಭ್ಯ ಗ್ರಾಹಕನಿಗೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲೇ ವಿಧಿಸಿದೆ. ಯುಪಿಐ ಮಿತಿಯನ್ನು ಇಳಿಸಿ, ಸಾಧ್ಯವಿದ್ದರೆ ಸಂಬಳದ ಖಾತೆಯಿಂದ ಯುಪಿಐಯನ್ನೇ ತೆಗೆಸಿ. ಆಟೋಪೇ ಎಂಬ ವಿಭಾಗವನ್ನು ತೆರೆದು, ತಾನಾಗಿಯೇ ಹಣ ಕಡಿತವಾಗಲು ಕೊಟ್ಟ ಒಪ್ಪಿಗೆಗಳನ್ನು ಒಂದೊಂದಾಗಿ ರದ್ದು ಮಾಡಿ. ದಿನದ ಬಸ್ಸು, ಚಹಾ, ಊಟಕ್ಕೆ ನೋಟಿನಲ್ಲೇ ಹಣ ಕೊಡಿ. ನೋಟು ಕೈಯಿಂದ ಹೋಗುವಾಗ ಕಣ್ಣಿಗೆ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ.

ಆ ಬಳಿಕ ಫೋನು. ಆಟದ ಆ್ಯಪುಗಳನ್ನು ಅಳಿಸುವುದಷ್ಟೇ ಸಾಲದು, ಏಕೆಂದರೆ ಇವುಗಳಲ್ಲಿ ಹಲವು ಪ್ಲೇಸ್ಟೋರಿನಿಂದ ಬಂದವೇ ಅಲ್ಲ, ಟೆಲಿಗ್ರಾಂ ಕೊಂಡಿಯಿಂದ ಇಳಿಸಿಕೊಂಡವು. ಟಿಪ್ಸ್ ಕೊಡುವ ಗುಂಪುಗಳಿಂದ ಹೊರಬಂದು, ಐಡಿ ಕೊಡುವ ಏಜೆಂಟನನ್ನು ಬ್ಲಾಕ್ ಮಾಡಿ, ಪರಿಚಯದವರು ಮಾತ್ರ ಗುಂಪಿಗೆ ಸೇರಿಸುವಂತೆ ವಾಟ್ಸ್ಆ್ಯಪಿನ ಖಾಸಗಿತನದ ಆಯ್ಕೆಯನ್ನು ಬದಲಾಯಿಸಬೇಕು. ಗೂಗಲ್ ಖಾತೆಯ ಜಾಹೀರಾತು ವಿಭಾಗದಲ್ಲಿ ಜೂಜಿನ ಜಾಹೀರಾತು ಕಡಿಮೆ ತೋರಿಸು ಎಂಬ ಆಯ್ಕೆ ಇದೆ. ಬೆಟ್‌ಬ್ಲಾಕರ್ ಎಂಬ ಉಚಿತ ಆ್ಯಪು ಜೂಜಿನ ತಾಣಗಳನ್ನು ಗೊತ್ತುಮಾಡಿದ ಅವಧಿಯವರೆಗೆ ತೆರೆಯದಂತೆ ತಡೆಯುತ್ತದೆ. ಇವೆಲ್ಲ ದಾಟಲಾಗದ ಗೋಡೆಗಳಲ್ಲ, ಹತ್ತು ನಿಮಿಷ ತಡಮಾಡಿಸುವ ಅಡ್ಡಗಟ್ಟೆಗಳು. ಆದರೆ ಆ ಹತ್ತು ನಿಮಿಷವೇ ಬೇಕಾದದ್ದು.

ಈ ಹಂತದಲ್ಲಿ ಎರಡು ಮೋಸಗಳು ಕಾದಿರುತ್ತವೆ. ವಾಲೆಟ್ಟಿನಲ್ಲಿ ಗೆದ್ದ ಅರವತ್ತು ಸಾವಿರವಿದೆ, ತೆರಿಗೆಯೆಂದು ಇನ್ನು ಎಂಟು ಸಾವಿರ ಹಾಕಿದರೆ ತೆಗೆಯಬಹುದು ಎಂದು ಸಂದೇಶ ಬಂದರೆ ಆ ಅರವತ್ತು ಸಾವಿರ ಇಲ್ಲವೇ ಇಲ್ಲ ಎಂದು ತಿಳಿಯಿರಿ. ಹಾಕಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎರಡನೆಯದು, ನಿನ್ನ ಖಾತೆಯನ್ನು ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂಬ ಆಮಿಷ. ಸಾಲದಲ್ಲಿರುವ ಹುಡುಗರನ್ನೇ ಹುಡುಕಿ ಇದನ್ನು ಕೇಳುತ್ತಾರೆ. ಯಾರದೋ ಮೋಸದ ಹಣ ಆ ಖಾತೆಯಲ್ಲಿ ಓಡಾಡಿದರೆ ಬ್ಯಾಂಕು ಖಾತೆಯನ್ನು ತಡೆಹಿಡಿಯುತ್ತದೆ, ಪೊಲೀಸರು ಖಾತೆಯ ಹೆಸರಿನವನನ್ನೇ ಕೇಳುತ್ತಾರೆ.

ಮೂರನೆಯ ಹೆಜ್ಜೆ: ಲೆಕ್ಕ ಬರೆಯುವುದು

ನಾವು ಇದನ್ನು ಮಾಡಿದ್ದು ಎರಡನೆಯ ಬಾರಿ ಸಾಲ ಬಯಲಾದಾಗ. ನೂರು ಪುಟದ ಒಂದು ನೋಟುಪುಸ್ತಕ ತಂದು, ಅಂಗಡಿಯ ಕಿರ್ದಿಯಂತೆಯೇ ಗೆರೆ ಎಳೆದೆ: ಯಾರಿಗೆ, ಯಾವಾಗ, ಅಸಲು, ಬಡ್ಡಿ, ಒತ್ತೆ ಇಟ್ಟದ್ದು, ಗೊತ್ತಿರುವವರು. ಮೊದಲ ದಿನ ಅವನು ಹೇಳಿದ ಮೊತ್ತ 2,40,000. ಬೈಯದೆ ಬರೆದುಕೊಂಡೆ. ಮೂರು ದಿನ ಬಿಟ್ಟು ಮತ್ತೆ ಕೂತಾಗ 3,25,000 ಆಯಿತು. ಮೂರನೆಯ ಸಲಕ್ಕೆ ಬ್ಯಾಂಕಿನ ಒಂದು ವರ್ಷದ ವಿವರಪಟ್ಟಿ ತೆಗೆಸಿ ಮುಂದಿಟ್ಟುಕೊಂಡೆವು. ಒಂದು ಪುಟದಲ್ಲಿ ರಾತ್ರಿ 2.17ಕ್ಕೆ 500, 2.19ಕ್ಕೆ 500, 2.20ಕ್ಕೆ 1,000, 2.26ಕ್ಕೆ 2,000, ಉಳಿದ ಬಾಕಿ 11 ರೂಪಾಯಿ. ಅವನು ಪೆನ್ಸಿಲ್ ಹಿಡಿದು ಆ ನಾಲ್ಕು ಸಾಲುಗಳ ಕೆಳಗೆ ತಾನೇ ಗೆರೆ ಎಳೆದ. ಮರುದಿನ ಬೆಳಗ್ಗೆ ಬಸ್ಸಿಗೆ ಹಣವಿಲ್ಲದೆ ಕೆಲಸಕ್ಕೆ ಹೋಗಲಿಲ್ಲ, ಅವ್ವನಿಗೆ ಜ್ವರವೆಂದು ಹೇಳಿದೆ ಎಂದ. ಅಂದು ಮೊತ್ತ 4,36,500ಕ್ಕೆ ನಿಂತಿತು.

ಮೊದಲು ಹೇಳಿದ ಮೊತ್ತ ಎಂದೂ ಪೂರ್ತಿ ಇರುವುದಿಲ್ಲ ಎಂದು ತಿಳಿದೇ ಕೂರಬೇಕು. ಇದಕ್ಕೆ ಸುಳ್ಳಿನಷ್ಟೇ ನಾಚಿಕೆಯೂ ಕಾರಣ, ಅವನಿಗೇ ನೆನಪಿರದ ಸಾಲಗಳೂ ಇರುತ್ತವೆ. ಆ್ಯಪುಗಳಲ್ಲಿ ಪಡೆದ ಸಾಲ ತಿಳಿಯಲು ಒಂದು ಒಳ್ಳೆಯ ದಾರಿಯಿದೆ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕೆಂಬ ನಿಯಮವಿದೆ. ನೋಂದಾಯಿತ ಸಂಸ್ಥೆಗಳಿಂದ ಅವನ ಹೆಸರಿನಲ್ಲಾದ ಸಾಲಗಳು ಅದರಲ್ಲಿ ಕಾಣುತ್ತವೆ. ಕೈಗಡಗಳು ಮಾತ್ರ ಅವನ ಬಾಯಿಂದಲೇ ಬರಬೇಕು.

ನಾಲ್ಕನೆಯ ಹೆಜ್ಜೆ: ವೈದ್ಯರ ಬಳಿ

ತಲೆ ಕೆಟ್ಟವರ ದವಾಖಾನೆ ಎಂದು ಹಿಂಜರಿಯುವವರಿಗೆ ಒಂದು ಮಾತು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತಲ್ಲ, ಅದಕ್ಕೆ ಹತ್ತು ವರ್ಷ ಮೊದಲೇ, 1985ರ ಸುಮಾರಿನಿಂದ, ನಿಮ್ಹಾನ್ಸ್ ಅದನ್ನು ಪ್ರಯೋಗಿಸಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಕಾಯಿಲೆಗಳ ಚಿಕಿತ್ಸೆ ಕಲಿಸಿದ ಆ ಪದ್ಧತಿಗೆ ದೇಶದಲ್ಲೆಲ್ಲ ಬಳ್ಳಾರಿ ಮಾದರಿ ಎಂದೇ ಹೆಸರು. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಈ ಮೂರರಲ್ಲಿ ಹತ್ತಿರದ್ದಕ್ಕೆ ಹೋಗಿ ಮನೋವೈದ್ಯರನ್ನು ಕೇಳಿ. ಅಷ್ಟು ದೂರ ಆಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ವಾರ ಬರುತ್ತಾರೆಂದು ವಿಚಾರಿಸಿ. ಬೆಂಗಳೂರಿಗೆ ಹೋಗಬಲ್ಲವರಿಗೆ, ತಂತ್ರಜ್ಞಾನದ ಅತಿಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ತೆರೆದ ಶಟ್ ಕ್ಲಿನಿಕ್ ಇದೆ.

ಹೋಗುವಾಗ ನೋಟುಪುಸ್ತಕವನ್ನು ಒಯ್ಯಿರಿ. ಚಟವನ್ನೇ ಬಿಡಿಸುವ ಗುಳಿಗೆ ಎಂದು ನಿರೀಕ್ಷಿಸಬೇಡಿ. ಖಿನ್ನತೆ, ನಿದ್ರಾಹೀನತೆ, ಕುಡಿತ ಜೊತೆಗಿದ್ದರೆ ಅವಕ್ಕೆ ಔಷಧ ಕೊಡುತ್ತಾರೆ, ಕೆಲವರಿಗೆ ತುಡಿತ ತಗ್ಗಿಸುವ ಔಷಧವನ್ನೂ ವೈದ್ಯರು ಯೋಚಿಸಬಹುದು. ಮುಖ್ಯ ಚಿಕಿತ್ಸೆ ಮಾತಿನದು. ಆಡಬೇಕೆನ್ನಿಸುವ ಮುನ್ನ ಏನಾಗಿತ್ತು, ಆಗ ಮನಸ್ಸು ತನಗೇ ಏನು ಹೇಳಿಕೊಂಡಿತು, ಆ ಹೇಳಿಕೆ ಎಷ್ಟು ನಿಜ ಎಂದು ಒಂದೊಂದಾಗಿ ಬಿಡಿಸಿ, ಬೇರೆ ನಡೆ ಕಲಿಸುವುದು ಅದರ ಬಗೆ. ಹಲವು ವಾರಗಳ ಕೆಲಸವಾದ್ದರಿಂದ ಒಂದು ಸಲ ಹೋಗಿ ಗುಣವಾಗಲಿಲ್ಲವೆಂದು ಬಿಡಬಾರದು. ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದು ಮೇಲೆ ಹೇಳಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವೈದ್ಯರ ಕರ್ತವ್ಯ.

ಐದನೆಯ ಹೆಜ್ಜೆ: ಈಗ ಸಾಲ

ಎಲ್ಲ ಸಾಲವೂ ಒಂದೇ ಅಲ್ಲ. ಬುಕ್ಕಿಗೆ, ಐಡಿ ಕೊಟ್ಟವನಿಗೆ ಕೊಡಬೇಕಾದ ಸೋಲಿನ ಹಣವನ್ನು ನ್ಯಾಯಾಲಯದಲ್ಲಿ ವಸೂಲಿ ಮಾಡಲು ಬರುವುದಿಲ್ಲ. ಪಣದ ಒಪ್ಪಂದ ಅನೂರ್ಜಿತ ಎಂದು 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಂ ಹೇಳುತ್ತದೆ. ಆದರೆ ಚೆಕ್ಕಿಗೋ ಬಾಂಡಿಗೋ ಸಹಿ ಹಾಕಿ ಕೊಟ್ಟಿದ್ದರೆ ವಕೀಲರನ್ನು ಕಾಣಲೇಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಬೆದರಿಕೆ ಹಾಕಿದರೆ ಪೊಲೀಸರಿಗೆ ದೂರು ಕೊಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯು ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ, ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಬೀದಿಯ ಮಟ್ಕಾ, ಇಸ್ಪೀಟಿನ ಅಡ್ಡೆಗಳ ಮಾತು ಬೇರೆ. ಅಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಆಡುವವನೂ ಆರೋಪಿಯಾಗುತ್ತಾನೆ.

ಬ್ಯಾಂಕಿನ, ನೋಂದಾಯಿತ ಫೈನಾನ್ಸಿನ ಸಾಲ ತೀರಿಸಲೇಬೇಕಾದದ್ದು. ಕಂತು ತಪ್ಪುವ ಮುನ್ನವೇ ಶಾಖೆಗೆ ಹೋಗಿ ಕಂತನ್ನು ಸಣ್ಣದು ಮಾಡಿಕೊಡಲು ಲಿಖಿತವಾಗಿ ಕೇಳಿ. ವಸೂಲಿಯವರು ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ನೆಂಟರ ನಂಬರಿಗೆ ಸಂದೇಶ ಕಳಿಸಿ ಮಾನ ಕಳೆಯುವಂತಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಳಿಕ ಅದನ್ನು ಕಾಯ್ದೆ ಮಾಡಿದೆ. ಬೆದರಿಕೆಯ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ.

ತೀರಿಸುವ ಕ್ರಮದಲ್ಲಿ ನಾವು ಮೊದಲು ಇಟ್ಟದ್ದು ಬಡವರ ಕೈಗಡವನ್ನು: ಜೊತೆಯ ಕೂಲಿಯವನ ಮೂರು ಸಾವಿರ, ಚಹಾದಂಗಡಿಯ ಒಂಬೈನೂರು. ಎರಡನೆಯದು ನೂರಕ್ಕೆ ಹತ್ತರ ಬಡ್ಡಿಯದು, ಏಕೆಂದರೆ ಅದು ತಿಂಗಳು ತಿಂಗಳು ಬೆಳೆಯುತ್ತಿತ್ತು. ಹಣ ಅವನ ಕೈಗೆ ಹೋಗಲಿಲ್ಲ, ನೇರವಾಗಿ ಕೊಡಬೇಕಾದವರಿಗೆ ಕೊಟ್ಟು, ಪುಸ್ತಕದಲ್ಲೇ ಸಹಿ ಪಡೆದೆವು. ಹಣ ಬಂದದ್ದು ಅವನ ಸಂಬಳದಿಂದಲೇ, ತಿಂಗಳಿಗೆ ಒಂಬತ್ತು ಸಾವಿರದಂತೆ. ಹೊಲ ಮಾರಿ ಒಂದೇ ಏಟಿಗೆ ಮುಗಿಸೋಣ ಎಂದು ಭಾವ ಹೇಳಿದಾಗ ನಾನು ಒಪ್ಪಲಿಲ್ಲ, ಅದಕ್ಕೆ ಇಂದಿಗೂ ಅವರಿಗೆ ನನ್ನ ಮೇಲೆ ಸ್ವಲ್ಪ ಬೇಸರವಿದೆ. ಸಾಲವೆಲ್ಲ ಒಮ್ಮೆಲೇ ಮಾಯವಾದರೆ, ಮತ್ತೆ ಸಾಲ ಕೊಡುವವರ ಬಾಗಿಲುಗಳೆಲ್ಲ ಅದೇ ದಿನ ತೆರೆಯುತ್ತವೆ. ಮೊದಲ ಸಲ ನಮಗೆ ಆದದ್ದು ಅದೇ.

ಕಷ್ಟದ ಹೊತ್ತುಗಳು

ತುಡಿತ ದಿನವಿಡೀ ಒಂದೇ ಸಮ ಇರುವುದಿಲ್ಲ, ಅಲೆಯಂತೆ ಏರಿ ಅರ್ಧ ತಾಸಿನೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. ಆ ಅರ್ಧ ತಾಸಿಗೆ ಮೊದಲೇ ಗೊತ್ತುಮಾಡಿದ ಕೆಲಸವಿರಬೇಕು: ಯಾರಿಗೆ ಕರೆ ಮಾಡುವುದು, ಎಲ್ಲಿಗೆ ನಡೆದು ಹೋಗುವುದು. ಸಂಬಳದ ದಿನ, ಯಾರೊಂದಿಗಾದರೂ ಜಗಳವಾದ ದಿನ, ಒಬ್ಬನೇ ಮಲಗುವ ರಾತ್ರಿ ಹೆಚ್ಚು ಕಷ್ಟದವು. ನಮ್ಮ ನೀರಾವರಿ ಸೀಮೆಗೆ ಇನ್ನೊಂದು ತೊಡಕಿದೆ. ಬೇಸಿಗೆ ಭತ್ತದ ಹಣ ಮನೆಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಐಪಿಎಲ್ ನಡೆಯುವುದೂ ಅದೇ ತಿಂಗಳುಗಳಲ್ಲಿ. ಆ ಎರಡು ತಿಂಗಳಿಗೆ ಮಾರ್ಚ್‌ನಲ್ಲೇ ಸಿದ್ಧತೆ ಬೇಕು. ನನ್ನ ಅಳಿಯ ಆ ಅವಧಿಗೆ ಎರಡನೆಯ ಪಾಳಿ ಕೇಳಿ ಹಾಕಿಸಿಕೊಂಡ. ಪಂದ್ಯ ಆರಂಭವಾಗುವ ಸಂಜೆ ಏಳೂವರೆಗೆ ಫೋನು ಗೇಟಿನ ಹೊರಗೆ ಉಳಿಯುತ್ತಿತ್ತು. ಪಂದ್ಯ ನೋಡುವುದನ್ನೇ ಬಿಡಬೇಕೇ ಎಂದು ಕೇಳಿದ್ದ. ಮೊದಲ ವರ್ಷ ಬಿಡು ಎಂದರು ವೈದ್ಯರು.

ಮನೆಯವರಿಲ್ಲದೆ, ಹೇಳಿಕೊಳ್ಳಲು ಯಾರೂ ಇಲ್ಲದೆ ಇದನ್ನು ಓದುತ್ತಿರುವ ಹುಡುಗನಿಗೆ: ಹೆಜ್ಜೆಗಳನ್ನು ತಿರುಗಿಸಿಕೋ. ಮೊದಲು 14416ಕ್ಕೆ ಕರೆ ಮಾಡು, ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡ. ಅದೇ ದಿನ ಕಾರ್ಡಿನ ಆನ್‌ಲೈನ್ ಬಳಕೆ ನಿಲ್ಲಿಸಿ, ಯುಪಿಐ ಮಿತಿ ಇಳಿಸು. ಆಮೇಲೆ ಒಬ್ಬರಿಗೆ, ಒಬ್ಬರಿಗೇ ಸಾಕು, ಪೂರ್ತಿ ಮೊತ್ತವನ್ನು ಹೇಳು.

ಮತ್ತೆ ಜಾರಿದರೆ

ಬಹಳ ಮಂದಿ ಒಮ್ಮೆಯಾದರೂ ಜಾರುತ್ತಾರೆ. ನಮ್ಮ ಹಾಳೆಯಲ್ಲಿ ಇದಕ್ಕೊಂದು ಸಾಲು ಬರೆದಿತ್ತು: ಆಡಿದರೆ ಒಂದು ದಿನದೊಳಗೆ ಹೇಳಬೇಕು, ಹೇಳಿದರೆ ಯಾರೂ ಬೈಯಬಾರದು. ಎಂಟನೆಯ ತಿಂಗಳಲ್ಲಿ ಅವನು ಜೊತೆಯವನ ಫೋನಿನಲ್ಲಿ 1,500 ರೂಪಾಯಿ ಆಡಿ ಸೋತ. ಮರುದಿನ ಮಧ್ಯಾಹ್ನ ಅಂಗಡಿಗೆ ಬಂದು, ತೂಕದ ಚೀಟಿಗಳ ನಡುವೆ ನಿಂತು, "ಮಾಮಾ, ಬರಕೋ" ಎಂದ. ಬರೆದುಕೊಂಡೆ. ಆ 1,500 ಎಲ್ಲಿಂದ ಬಂತೆಂದು ವಿಚಾರಿಸಿದಾಗ, ಓವರ್‌ಟೈಮ್ ಹಣವನ್ನು ಗುತ್ತಿಗೆದಾರ ಕೈಗೇ ಕೊಡುತ್ತಾನೆ ಎಂಬುದು ತಿಳಿಯಿತು. ಆ ಬಾಗಿಲು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಮುಂದಿನ ತಿಂಗಳಿಂದ ಅದೂ ಖಾತೆಗೆ ಜಮೆಯಾಗುವಂತೆ ಕೇಳಿಕೊಂಡೆವು. ಜಾರಿದಾಗ ಕೇಳಬೇಕಾದ ಪ್ರಶ್ನೆ ಇದೇ, ಹಣ ಯಾವ ದಾರಿಯಿಂದ ಬಂತು ಎಂಬುದು. ಒಂದು ವಾರದೊಳಗೆ ಎರಡನೆಯ ಬಾರಿ ಜಾರಿದರೆ ಮುಂದಿನ ಗೊತ್ತಾದ ದಿನಕ್ಕೆ ಕಾಯದೆ ವೈದ್ಯರ ಬಳಿ ಕರೆದೊಯ್ಯಿರಿ.

ಬಿಟ್ಟುಕೊಟ್ಟದ್ದನ್ನು ಮರಳಿಸುವಾಗ ಒಂದೊಂದಾಗಿ ಮರಳಿಸಿ: ಮೊದಲು ವಾರದ ಖರ್ಚಿನ ನೋಟು, ಮೂರು ತಿಂಗಳು ಸರಿಯಾಗಿ ನಡೆದರೆ ಕಡಿಮೆ ಮಿತಿಯ ಯುಪಿಐ, ಕೊನೆಗೆ ಸಂಬಳದ ಖಾತೆಯ ಕಾರ್ಡು. ನೋಟುಪುಸ್ತಕದಲ್ಲಿ ಈಗ ಉಳಿದಿರುವುದು ಬ್ಯಾಂಕಿನ ಏಳು ಕಂತು ಮತ್ತು ಅಕ್ಕನ ಬೋರಮಾಳ. ಕಾರ್ಡು ಅಕ್ಕನ ಟ್ರಂಕಿನಲ್ಲಿದೆ. ಅವಧಿ ಮುಗಿದು ಬಹಳ ದಿನವಾಯಿತು, ಕೇಳಿದರೆ ಕೊಡುತ್ತೇವೆ ಎಂದಿದ್ದೇವೆ. ಬೋರಮಾಳ ಬಿಡಿಸಿದ ಮೇಲೆ ಕೇಳುತ್ತೇನೆ ಎಂದಿದ್ದಾನೆ.